ಪರೀಕ್ಷಾಪತ್ರದ ಕನ್ನಡ: ‘ಇದೆ’, ‘ಇಲ್ಲ’ಗಳ ವಿಚಾರ

ವಿಮರ್ಶೆಯ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಒಂದು ಬಗೆಯ ಬರಹವನ್ನು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದ್ದೇವೆ. ಎಚ್‌ಐವಿ, ಸಿಫಿಲಿಸ್ ಮೊದಲಾಗಿ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ರಕ್ತಪರೀಕ್ಷೆಯ ಫಲಿತಾಂಶವನ್ನು ತಿಳಿಸುವ ಒಂದು ಹಾಳೆಯ ಬರಹವದು. ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪದಲ್ಲಾಗಲಿ, ಕುರುಗೋಡಿನಲ್ಲಾಗಲಿ ಈ ಹಾಳೆ ಇಂಗ್ಲಿಷಿನ ನಾಲ್ಕಾರು ಪದಗಳಲ್ಲಿ ಮುಗಿಯುತ್ತದೆ. ಅದನ್ನು ಕೈಯಲ್ಲಿ ಹಿಡಿದವರಿಗೆ ಬೇಕಾದ ಕನ್ನಡವನ್ನು ಯಾರೋ ಬಾಯಿಮಾತಿನಲ್ಲಿ ಒದಗಿಸುತ್ತಾರೆ: ‘ಇದೆ’, ಇಲ್ಲವೆ ‘ಇಲ್ಲ’. ಮೂಲದಲ್ಲಿಲ್ಲದ ನಿಶ್ಚಯವನ್ನು ಈ ಎರಡು ಮಾತುಗಳು ತಾವಾಗಿ ತಂದು ಸೇರಿಸುತ್ತವೆಂಬುದೇ ನಮ್ಮ ಆಕ್ಷೇಪ.

‘ಪಾಸಿಟಿವ್’ ಎಂಬ ಪದದ ವಿಷಯವನ್ನು ಬೇಗ ಮುಗಿಸಬಹುದು. ‘ಧನಾತ್ಮಕ’ವೆಂದರೆ ಗಣಿತ, ‘ಸಕಾರಾತ್ಮಕ’ವೆಂದರೆ ನೀತಿಬೋಧೆ. 2020ರ ಕೊರೋನಾ ಕಾಲದಿಂದೀಚೆಗೆ ಇಂಗ್ಲಿಷ್ ಪದವೇ ಹಳ್ಳಿಹಳ್ಳಿಗೂ ಪರಿಚಿತವಾಗಿರುವುದರಿಂದ ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಲೇಸು. ತೊಡಕಿರುವುದು ‘ರಿಯಾಕ್ಟಿವ್’ ಎಂಬ ಪದದಲ್ಲಿ. ಈ ವಾಕ್ಯದ ಕರ್ತೃ ಮನುಷ್ಯನಲ್ಲ, ರಕ್ತದೊಡನೆ ಬೆರೆಸಿದ ಪರೀಕ್ಷಾದ್ರವ್ಯ. ಆ ದ್ರವ್ಯವು ರಕ್ತದಲ್ಲಿನ ಯಾವುದೋ ಪ್ರತಿಕಾಯದೊಡನೆ ಪ್ರತಿಕ್ರಿಯೆ ತೋರಿಸಿತು ಎಂಬಷ್ಟೇ ಅದರ ವಾಚ್ಯಾರ್ಥ. ‘ನಿನಗೆ ರೋಗವಿದೆ’ ಎಂದು ಅನುವಾದಿಸಿದೊಡನೆ ಕರ್ತೃವೇ ಬದಲಾಗಿ, ದ್ರವ್ಯದ ವರ್ತನೆ ವ್ಯಕ್ತಿಯ ಚಾರಿತ್ರ್ಯವಾಗಿ ಪರಿಣಮಿಸುತ್ತದೆ.

ಸಿಫಿಲಿಸ್ ಪರೀಕ್ಷೆ ಇದಕ್ಕೆ ಒಳ್ಳೆಯ ನಿದರ್ಶನ. ಹದಿನಾರನೆಯ ಶತಮಾನದ ಭಾವಮಿಶ್ರನು ‘ಫಿರಂಗರೋಗ’ವೆಂದು ಕರೆದು, ಹೊರಗಿನಿಂದ ಬಂದವರ ಹೆಸರಿನಲ್ಲಿ ದಾಖಲಿಸಿದ ಕಾಯಿಲೆಯಿದು, ಅಪವಾದವನ್ನು ಇನ್ನೊಬ್ಬರ ಮೇಲೆ ಹೊರಿಸುವ ಚಾಳಿ ಹೊಸದೇನಲ್ಲ. ವಾಸರ್‌ಮನ್ 1906ರಲ್ಲಿ ಪ್ರಕಟಿಸಿದ ಪರೀಕ್ಷೆಯಾಗಲಿ, 1946ರಿಂದ ಬಳಕೆಗೆ ಬಂದ ವಿಡಿಆರ್‌ಎಲ್ ಪರೀಕ್ಷೆಯಾಗಲಿ ರೋಗಾಣುವನ್ನು ನೇರವಾಗಿ ಹುಡುಕುವುದಿಲ್ಲ. ವಿಡಿಆರ್‌ಎಲ್‌ನಲ್ಲಿ ಬಳಸುವ ಕಾರ್ಡಿಯೋಲಿಪಿನ್ ದನದ ಹೃದಯದಿಂದ ತೆಗೆದ ಕೊಬ್ಬಿನ ಜಾತಿಯ ವಸ್ತು. ಅದಕ್ಕೆದುರಾದ ಪ್ರತಿಕಾಯವನ್ನು ಮಾತ್ರ ಈ ಪರೀಕ್ಷೆ ಗುರುತಿಸುತ್ತದೆ. ಮಲೇರಿಯಾ, ಕುಷ್ಠ, ಲೂಪಸ್, ಒಮ್ಮೊಮ್ಮೆ ಬರಿಯ ಬಸಿರು ಕೂಡ ಅಂಥ ಪ್ರತಿಕ್ರಿಯೆಯನ್ನು ಹುಟ್ಟಿಸಬಲ್ಲವು. ಆದಕಾರಣ ಟಿಪಿಎಚ್‌ಎಯಂಥ ಎರಡನೆಯ ಪರೀಕ್ಷೆ ಅವಶ್ಯ. ಬಸುರಿಯಾದ ಸೊಸೆಯ ಮೊದಲ ಚೀಟಿಯಲ್ಲಿ ‘ರಿಯಾಕ್ಟಿವ್’ ಎಂದಿದ್ದರೆ, ಎರಡನೆಯ ಚೀಟಿ ಬರುವ ಮೊದಲೇ ಮನೆಯಲ್ಲಿ ತೀರ್ಪು ಆಗಿಹೋಗಿರುತ್ತದೆ. ಆ ತೀರ್ಪನ್ನು ಮೇಲ್ಮನವಿಗೆ ಒಯ್ಯಲು ಅವಳಿಗೆ ನ್ಯಾಯಾಲಯವಿಲ್ಲ.

ಇನ್ನು ಕಾಲದ ಪ್ರಶ್ನೆ. ಹಳಗನ್ನಡದ ನಿಷೇಧರೂಪಕ್ಕೆ ಕಾಲಭೇದವಿಲ್ಲವೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ಮಾತು. ‘ಮಾಡಂ’ ಎಂದರೆ ಮಾಡಲಿಲ್ಲ, ಮಾಡುವುದಿಲ್ಲ, ಮಾಡಲಾರನು, ಎಲ್ಲವೂ ಹೌದು. ಸಂದರ್ಭವೇ ಅರ್ಥವನ್ನು ನಿರ್ಣಯಿಸಬೇಕು. ಪರೀಕ್ಷಾಪತ್ರದ ‘ನಾನ್-ರಿಯಾಕ್ಟಿವ್’ ಕೂಡ ಹೆಚ್ಚು ಕಡಿಮೆ ಇಂಥದೇ. ಸೋಂಕು ತಗುಲಿದ ಮೇಲೆ ಪ್ರತಿಕಾಯ ಕಾಣಿಸಿಕೊಳ್ಳಲು ಎಚ್‌ಐವಿಯ ವಿಷಯದಲ್ಲಿ ಮೂರು ವಾರದಿಂದ ಮೂರು ತಿಂಗಳವರೆಗೆ ಹಿಡಿಯಬಹುದು. ಆ ಅವಧಿಯೊಳಗೆ ಬಂದ ‘ಇಲ್ಲ’ವು ಹಿಂದಿನದಕ್ಕೆ ಉತ್ತರವೇ ಹೊರತು ಇಂದಿನದಕ್ಕಲ್ಲ. ಈ ಅವಧಿಯನ್ನು ‘ಗವಾಕ್ಷಿ ಅವಧಿ’ ಎಂದು ಅನುವಾದಿಸುವವರುಂಟು. ಕನ್ನಡಿಗನಿಗೆ ಗವಾಕ್ಷಿಯೆಂದರೆ ಬೆಳಕು ಬರುವ, ಹೊರಗು ಕಾಣುವ ಕಂಡಿ; ಪದದೊಳಗೇ ಕಣ್ಣು ಕೂತಿದೆ. ಏನೂ ಕಾಣದ ಕಾಲಕ್ಕೆ ಕಣ್ಣಿನ ಹೆಸರಿಟ್ಟಿರುವುದು ವಿನೋದವಾದರೂ ಅಪಾಯದ ವಿನೋದ. ‘ಮರೆಯ ಕಾಲ’ ಎಂದರೆ ಸಾಲದೆ?

ಇದಕ್ಕೆ ತಿರುವುಮುರುವಾದ ದೋಷವೂ ಉಂಟು. ಸಿಫಿಲಿಸ್‌ಗೆ ತಕ್ಕ ಚಿಕಿತ್ಸೆ ಪಡೆದು ಗುಣವಾದವರಲ್ಲಿ ವಿಡಿಆರ್‌ಎಲ್‌ನ ಪ್ರಮಾಣ ಇಳಿಯುತ್ತದೆ. ಟಿಪಿಎಚ್‌ಎ ಮಾತ್ರ ಬಹುಮಟ್ಟಿಗೆ ಜೀವನಪರ್ಯಂತ ‘ಪಾಸಿಟಿವ್’ ಆಗಿಯೇ ಉಳಿಯುತ್ತದೆ. ‘ಇತ್ತು’ ಎನ್ನಬೇಕಾದಲ್ಲಿ ‘ಇದೆ’ ಎಂದರೆ ಹಳೆಯ ಗಾಯದ ಕಲೆಯನ್ನು ಹೊಸ ಗಾಯವೆಂದಂತಾಯಿತು. ಎಚ್‌ಐವಿ ಇರುವ ತಾಯಿಯ ಕೂಸಿನಲ್ಲಿ ತಾಯಿಯ ಪ್ರತಿಕಾಯವೇ ಹದಿನೆಂಟು ತಿಂಗಳವರೆಗೆ ಉಳಿದಿರಬಹುದಾದ್ದರಿಂದ, ಅಲ್ಲಿ ‘ಇದೆ’ ಎನ್ನುವುದು ತಾಯಿಯ ಮಾತನ್ನು ಮಗುವಿನ ಬಾಯಲ್ಲಿ ಆಡಿಸಿದಂತೆ. ಅದಕ್ಕೆ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು.

ಒಂದೇ ಪದಕ್ಕೆ ಎಲ್ಲರಲ್ಲಿಯೂ ಒಂದೇ ಬೆಲೆಯಿಲ್ಲವೆಂಬುದು ಇನ್ನೂ ಸೂಕ್ಷ್ಮವಾದ ಸಂಗತಿ. ಲೆಕ್ಕಕ್ಕಾಗಿ, ಸೋಂಕಿರುವ 200 ಜನರಲ್ಲಿ 199 ಜನರನ್ನು ಹಿಡಿಯುವ, ಸೋಂಕಿಲ್ಲದ 200 ಜನರಲ್ಲಿ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿಯುವ ಪರೀಕ್ಷೆಯೊಂದನ್ನು ಕಲ್ಪಿಸಿಕೊಳ್ಳೋಣ. 10,000 ಬಸುರಿಯರಲ್ಲಿ 20 ಮಂದಿಗೆ ಸೋಂಕಿದ್ದರೆ ಆ 20 ಮಂದಿಯೂ ಸಿಕ್ಕಾರು. ಅವರೊಡನೆ ಸೋಂಕಿಲ್ಲದ ಸುಮಾರು 50 ಮಂದಿಯೂ ಸಿಕ್ಕಿಬೀಳುತ್ತಾರೆ. ‘ರಿಯಾಕ್ಟಿವ್’ ಚೀಟಿ ಪಡೆದ 70 ಮಂದಿಯಲ್ಲಿ ಹೆಚ್ಚಿನವರು ನಿರೋಗಿಗಳು. ಅದೇ 10,000 ಜನರಲ್ಲಿ 1,000 ಮಂದಿಗೆ ಸೋಂಕಿದ್ದ ಪಕ್ಷದಲ್ಲಿ, 995 ನಿಜಕ್ಕೆ ಎದುರಾಗಿ 45 ಮಾತ್ರ ಸುಳ್ಳು. ಪರೀಕ್ಷೆ ಬದಲಾಗಲಿಲ್ಲ, ಪದ ಬದಲಾಗಲಿಲ್ಲ, ಅರ್ಥ ಬದಲಾಯಿತು. ಸಂದರ್ಭವಿಲ್ಲದೆ ಪದಕ್ಕೆ ಅರ್ಥವಿಲ್ಲವೆಂದು ನಾವು ತರಗತಿಯಲ್ಲಿ ಹೇಳುವ ಮಾತಿಗೆ ಇಷ್ಟು ನಿಷ್ಠುರವಾದ ಉದಾಹರಣೆ ಕಾವ್ಯದಲ್ಲಿ ಸಿಕ್ಕುವುದು ಕಷ್ಟ.

ವೈದ್ಯಶಾಸ್ತ್ರ ಇದನ್ನು ಅರಿಯದೆ ಇಲ್ಲ. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು ಗುರುತಿಸಿದಾಗ, ವೆಲ್ಲೂರಿನ ಪರೀಕ್ಷೆಯೊಂದಕ್ಕೇ ತೃಪ್ತರಾಗದೆ ಮತ್ತೆ ರಕ್ತ ತೆಗೆದು ಅಮೆರಿಕಕ್ಕೆ ಕಳುಹಿಸಿ ಖಚಿತಪಡಿಸಿಕೊಂಡರು. ಇಂದಿನ ರಾಷ್ಟ್ರೀಯ ನಿಯಮವೂ ಅದೇ ಜಾಡಿನದು: ರೋಗಲಕ್ಷಣವಿಲ್ಲದವರನ್ನು ಬೇರೆ ಬೇರೆ ಬಗೆಯ ಮೂರು ಪರೀಕ್ಷೆಗಳಲ್ಲಿಯೂ ಪ್ರತಿಕ್ರಿಯೆ ಕಂಡಲ್ಲದೆ ‘ಪಾಸಿಟಿವ್’ ಎನ್ನುವಂತಿಲ್ಲ, ಹಳ್ಳಿಯಲ್ಲಿ ಬೆರಳು ಚುಚ್ಚಿ ನೋಡಿದ್ದು ಬರಿಯ ಜರಡಿ. ಪರೀಕ್ಷೆಗೆ ಮೊದಲೂ ಅನಂತರವೂ ಆಪ್ತಸಮಾಲೋಚಕರು ವಿವರಿಸಿ ಹೇಳಬೇಕೆಂಬ ಏರ್ಪಾಡೂ ಇದೆ. ಇಷ್ಟು ಎಚ್ಚರಿಕೆಯ ಶಾಸ್ತ್ರಕ್ಕೆ ಇಷ್ಟು ಅಜಾಗರೂಕವಾದ ಭಾಷೆ ಸಲ್ಲದು. ಹಾಳೆಯ ಕೊನೆಗೆ ‘ರೋಗಿಯ ಸ್ಥಿತಿಯೊಡನೆ ಹೋಲಿಸಿ ನೋಡಿ’ ಎಂಬರ್ಥದ ಇಂಗ್ಲಿಷ್ ಸಾಲೊಂದನ್ನು ಸಣ್ಣಕ್ಷರದಲ್ಲಿ ಅಚ್ಚುಹಾಕುವುದುಂಟು. ಅದು ವೈದ್ಯರನ್ನು ಉದ್ದೇಶಿಸಿದ್ದು. ಹಾಳೆಯ ನಿಜವಾದ ಓದುಗನಿಗೆ ಅದರಲ್ಲಿ ಪಾಲಿಲ್ಲ.

ನಾವು ಸೂಚಿಸುವ ಕನ್ನಡ ಹೀಗಿದೆ: ‘ಈ ದಿನ ತೆಗೆದ ರಕ್ತದಲ್ಲಿ ಎಚ್‌ಐವಿ ಪ್ರತಿಕಾಯ ಕಂಡುಬಂದಿಲ್ಲ. ಕಳೆದ ಮೂರು ತಿಂಗಳೊಳಗೆ ಸೋಂಕು ತಗುಲಿದ್ದರೆ ಈ ಪರೀಕ್ಷೆಗೆ ಅದು ತಿಳಿಯದಿರಬಹುದು.’ ಇನ್ನೊಂದಕ್ಕೆ: ‘ಮೊದಲ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ಕಂಡಿದೆ. ರೋಗವುಂಟೆಂದು ಇದರಿಂದ ನಿರ್ಣಯವಾಗಲಿಲ್ಲ. ಎರಡನೆಯ ಪರೀಕ್ಷೆ ಆಗಬೇಕು.’ ಇಷ್ಟಕ್ಕೆ ಸ್ಥಳವೆಲ್ಲಿ ಎಂದು ಕೇಳುವವರು, ಹಾಳೆಯ ನೆತ್ತಿಯ ಮೇಲೆ ಪ್ರಯೋಗಾಲಯದ ಹೆಸರು, ಚಿಹ್ನೆ, ವಿಳಾಸಗಳು ಎಷ್ಟು ಅಗಲವನ್ನು ಹಿಡಿದಿರುತ್ತವೆಂಬುದನ್ನು ಒಮ್ಮೆ ಅಳೆದು ನೋಡಬಹುದು.