ಹಸುರು ಮತ್ತು ಹಳೆಯ ಛಾಯಾಚಿತ್ರ: ಒಂದು ಪ್ರಮಾಣವಿಚಾರ

ಶಾಸನವನ್ನು ಓದುವಾಗ ಲಿಪಿಯ ಕಾಲ, ಬರೆಯಿಸಿದವನ ಉದ್ದೇಶ, ಕಲ್ಲಿನ ಸವೆತ ಇವೆಲ್ಲವನ್ನೂ ನಾವು ತೂಗಿನೋಡುತ್ತೇವೆ. ಛಾಯಾಚಿತ್ರವು ಎದುರಿಗೆ ಬಂದೊಡನೆ ಮಾತ್ರ ಈ ಎಚ್ಚರವನ್ನು ಬದಿಗಿಡುತ್ತೇವೆ. ಯಂತ್ರಕ್ಕೆ ಪಕ್ಷಪಾತವಿಲ್ಲವೆಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಹಸುರು ಬಣ್ಣವೊಂದನ್ನೇ ಹಿಡಿದು ಇಲ್ಲಿ ಪರಿಶೀಲಿಸಲಾಗಿದೆ.

ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಅವರು 1856ರಲ್ಲಿ ಹಂಪೆಯ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವುಗಳ ಮೇಲೆ ಚಿತ್ರಿಸಿದರು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವರು ಅದೇ ನೆಲೆಗಳನ್ನು ಹುಡುಕಿ, ಅಲ್ಲಿಯೇ ನಿಂತು ಮರಳಿ ಚಿತ್ರ ತೆಗೆದರು. ವಾಸ್ತುವಿನ ಅಭ್ಯಾಸಿಗಳಿಗೆ ಈ ಜೋಡಿಗಳ ಬೆಲೆ ಬಹಳ ದೊಡ್ಡದು. ಆದರೆ ಹಳೆಯ ಕಾಲದ ಇಂತಹ ಪ್ರತಿಗಳನ್ನು ತರಗತಿಯಲ್ಲಿ ತೋರಿಸಿದಾಗಲೆಲ್ಲ, ಮರಗಿಡಗಳ ಕಪ್ಪನ್ನು ಕಂಡ ವಿದ್ಯಾರ್ಥಿಗಳು “ಆಗ ಅಲ್ಲಿ ದಟ್ಟವಾದ ಕಾಡಿತ್ತು” ಎಂದೇ ತೀರ್ಮಾನಿಸುತ್ತಾರೆ. ಈ ತೀರ್ಮಾನವು ನಿಲ್ಲತಕ್ಕದ್ದಲ್ಲ.

ಎಲೆಯ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೀರಿಕೊಂಡು ಹಸುರಿನ ಒಂದಂಶವನ್ನು ಹಿಂದಿರುಗಿಸುತ್ತದೆ. ಹಗಲಿನಲ್ಲಿ ನಮ್ಮ ಕಣ್ಣು ಅತಿಸೂಕ್ಷ್ಮವಾಗಿರುವುದು ಈ ಹಸುರಿಗೇ. ಆ ಕಾಲದ ಬೆಳ್ಳಿಯ ಲವಣಗಳಾದರೋ ನೇರಿಳೆ, ನೀಲಿ ಮತ್ತು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳಿಗೆ ಮಾತ್ರ ಸ್ಪಂದಿಸುತ್ತಿದ್ದುವು. ಆದುದರಿಂದ ಆಕಾಶವು ಬರಿಯ ಬಿಳುಪಾಗಿಯೂ ಎಲೆಯು ಕಪ್ಪಾಗಿಯೂ ಮೂಡಿದುವು. ಜೊತೆಗೆ, ಬೆಳಕು ಬೀಳಿಸಬೇಕಾಗಿದ್ದ ಕಾಲವೂ ದೀರ್ಘವಾಗಿದ್ದಿತು. ಗಾಳಿಗೆ ಅಲುಗಿದ ಎಲೆಗಳು ಒಂದರಲ್ಲೊಂದು ಕಲೆತು, ನಡುವಣ ತೆರಪುಗಳು ಅಳಿಸಿಹೋದುವು. ವಿರಳವಾದ ಕುರುಚಲು ಸಹ ಹೀಗೆ ಗಾಢಾರಣ್ಯದ ವೇಷ ತೊಟ್ಟಿತು.

ಬರ್ಲಿನ್ನಿನ ಹರ್ಮನ್ ಫೋಗೆಲ್ ಅವರು ಬಣ್ಣದ ದ್ರವ್ಯವನ್ನು ಬೆರಸಿ ಫಲಕಕ್ಕೆ ಹಸುರನ್ನು ಗ್ರಹಿಸುವ ಶಕ್ತಿ ತರಬಹುದೆಂದು ಕಂಡುಕೊಂಡದ್ದು 1873ರಲ್ಲಿ. ಕೆಂಪಿಗೂ ಒಡ್ಡಿಕೊಳ್ಳುವ ಸರ್ವವರ್ಣಗ್ರಾಹಿ ಫಲಕಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದದ್ದು 1906ರಲ್ಲಿ. ಅಂದಮೇಲೆ 1856ರ ಕಪ್ಪನ್ನೂ ನಮ್ಮ ಕಾಲದ ಬೂದುಬಣ್ಣವನ್ನೂ ಅಕ್ಕಪಕ್ಕದಲ್ಲಿಟ್ಟು ಕಾಡಿನ ಏರಿಳಿತವನ್ನು ಅಳೆಯುವುದು, ಎರಡು ಬೇರೆ ಬೇರೆ ಕೊಳಗಗಳಲ್ಲಿ ಅಳೆದ ಧಾನ್ಯವನ್ನು ಒಂದೇ ಲೆಕ್ಕಕ್ಕೆ ಸೇರಿಸಿದಂತೆ.

ಇದರಿಂದಾಗುವ ಹಾನಿ ಅಲ್ಪವಲ್ಲ. ಹಂಪೆಯ ಹಸುರೆಲ್ಲವೂ ಕಾಡಿನದಲ್ಲ. ತುಂಗಭದ್ರೆಯಿಂದ ತೆಗೆದ ವಿಜಯನಗರ ಕಾಲದ ತುರ್ತಾ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ಅದರ ಆಶ್ರಯದಲ್ಲಿ ಬಾಳೆಯ ತೋಟಗಳೂ ಗದ್ದೆಗಳೂ ಇವೆ. ಹಳೆಯ ಪ್ರತಿಯಲ್ಲಾದರೆ ತೋಟ, ಪೈರು, ಪೊದೆ ಇವುಗಳ ಹಸುರಿನ ಭೇದವು ಒಂದೇ ಕಪ್ಪಿನಲ್ಲಿ ಮುಳುಗಿಬಿಡುತ್ತದೆ. 1565ರ ಯುದ್ಧಾನಂತರ ಎಲ್ಲವೂ ಕಾಡುಪಾಲಾಯಿತೆಂಬ ಕಥೆಯನ್ನು ಮೊದಲೇ ನಂಬಿದವನಿಗೆ ಆ ಕಪ್ಪೇ ಸಾಕ್ಷಿಯಾಗಿ ತೋರುತ್ತದೆ. ಕಾಲುವೆಯನ್ನು ಕಾಪಾಡಿಕೊಂಡು ಬಂದ ಒಕ್ಕಲಿನ ದುಡಿಮೆಯು ಹೀಗೆ ಚರಿತ್ರೆಯಿಂದಲೇ ಮರೆಯಾಗುತ್ತದೆ.

ಬಣ್ಣದ ಚಿತ್ರವು ಈ ದೋಷವನ್ನು ನೀಗಿತೆನ್ನೋಣವೆ? 1990ರಲ್ಲಿ ಹೊರಬಂದ ವೆಲ್ವಿಯಾ ಫಿಲ್ಮು ಹಸುರನ್ನು ಕಣ್ಣು ಕಂಡದ್ದಕ್ಕಿಂತ ಗಾಢಗೊಳಿಸುವುದಕ್ಕೇ ಹೆಸರಾಯಿತು. 1976ರಲ್ಲಿ ಬ್ರೈಸ್ ಬೇಯರ್ ಅವರಿಗೆ ಹಕ್ಕುಪತ್ರ ದೊರೆತ ಶೋಧಕದ ವಿನ್ಯಾಸವೇ ಇಂದಿನ ಬಹುಪಾಲು ಡಿಜಿಟಲ್ ಕ್ಯಾಮರಾಗಳ ಆಧಾರ. ಅದರಲ್ಲಿ ಅರ್ಧದಷ್ಟು ಬಿಂದುಗಳು ಹಸುರಿಗೆ, ಕಾಲುಭಾಗ ಕೆಂಪಿಗೆ, ಉಳಿದ ಕಾಲುಭಾಗ ನೀಲಿಗೆ ಮೀಸಲು. ಪ್ರತಿ ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ. ಉಳಿದೆರಡನ್ನು ನೆರೆಯ ಬಿಂದುಗಳಿಂದ ಗಣಿಸಿಕೊಳ್ಳಲಾಗುತ್ತದೆ. ಹಸುರು ಆಗಲೂ ಈಗಲೂ ಉಪಕರಣದ ಮೂಲಕ ಬಂದ ವರದಿಯೇ ಹೊರತು ಎಲೆಯ ಸ್ವಂತ ಹೇಳಿಕೆಯಲ್ಲ.

ಹಾಗೆಂದು ಛಾಯಾಚಿತ್ರವನ್ನು ತಳ್ಳಿಹಾಕಬೇಕಾಗಿಲ್ಲ. ಮುರಿದ ಕಂಬದ ನೆಲೆ, ಗೋಪುರದ ಹೊರರೇಖೆ, ಗೋಡೆಯಲ್ಲಿ ಬೇರೂರಿದ ಮರ ಇವುಗಳ ವಿಷಯದಲ್ಲಿ ಅದು ದೃಢವಾದ ಪ್ರಮಾಣ. ವರ್ಣದ ಗಾಢತೆಯ ವಿಷಯದಲ್ಲಿ ಮಾತ್ರ ಅದರ ಮಾತನ್ನು ಕಂದಾಯದ ಲೆಕ್ಕ, ಕಾಲುವೆಯ ದಾಖಲೆ, ಚಿತ್ರ ತೆಗೆದ ಋತು ಇವುಗಳೊಡನೆ ಹೋಲಿಸಿಯೇ ಒಪ್ಪತಕ್ಕದ್ದು. ಶಾಸನಕ್ಕೆ ಸಲ್ಲುವ ಎಚ್ಚರ ಛಾಯಾಚಿತ್ರಕ್ಕೂ ಸಲ್ಲಬೇಕು.