ಬಾಗಿಲ ಹೊರಗಿನ ಭಾನುವಾರ

ಡ್ಯೂಕ್ ಎಲ್ಲಿಂಗ್ಟನ್ ರಚಿಸಿದ ‘ಕಮ್ ಸಂಡೇ’ ಎಂಬ ಗೀತೆಯ ಯಾವ ಧ್ವನಿಮುದ್ರಣ ಶ್ರೇಷ್ಠವೆಂದು ಕೇಳಿದರೆ ಬಹುಮಂದಿ ರಸಿಕರಲ್ಲಿ ಉತ್ತರ ಸಿದ್ಧವಾಗಿರುತ್ತದೆ: 1958ರದು, ಮಹೇಲಿಯಾ ಜಾಕ್ಸನ್ ಹಾಡಿದ್ದು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆಯಾಗಿ ಮೊದಲಿಟ್ಟ ನಮ್ಮ ವೈಟ್‌ಫೀಲ್ಡಿನ ಹಳೆಯ ಕುಟುಂಬಗಳಿಗೆ ತುತ್ತೂರಿ, ಸ್ಯಾಕ್ಸೊಫೋನುಗಳ ದೊಡ್ಡ ವಾದ್ಯಮೇಳದ ಸಂಗೀತ ಹೊಸತೇನಲ್ಲ. ಅಂಥ ಮೇಳವೊಂದು ದೇವರನ್ನು ಕುರಿತು ನುಡಿಸಿದ ರಾಗವಿದು ಎಂಬ ಕಾರಣಕ್ಕೆ, ಈ ಸಿದ್ಧ ಉತ್ತರವನ್ನು ಇಲ್ಲಿ ಪರಿಶೀಲಿಸಬೇಕೆನಿಸಿದೆ.

1943ರ ಜನವರಿ 23ರಂದು ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಎಲ್ಲಿಂಗ್ಟನ್ ‘ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್’ ಎಂಬ ಸುಮಾರು ಮುಕ್ಕಾಲು ಗಂಟೆಯ ಕೃತಿಯನ್ನು ನುಡಿಸಿದರು. ಅಮೆರಿಕದ ಕರಿಯ ಜನಾಂಗದ ಚರಿತ್ರೆಯೇ ಅದರ ವಸ್ತು. ಮೊದಲು ದುಡಿಮೆಯ ಹಾಡು, ಆಮೇಲೆ ಭಾನುವಾರ. ಎಲ್ಲಿಂಗ್ಟನ್ ಆ ಭಾನುವಾರಕ್ಕೆ ಕಲ್ಪಿಸಿಕೊಂಡ ಚಿತ್ರ ಮನಕಲಕುವಂಥದು: ಗುಲಾಮರು ಬಿಳಿಯರ ದೇವಾಲಯದ ಹೊರಗೆ ನಿಂತು, ಒಳಗಿನಿಂದ ತೇಲಿಬರುವ ಗಾನವನ್ನು ಆಲಿಸುತ್ತಿದ್ದಾರೆ. ಒಳಗೆ ಅವರಿಗೆ ಪ್ರವೇಶವಿಲ್ಲ. ಆದರೂ ಒಳಗಿನ ದೇವರು ತಮ್ಮವನೆಂದು ಅವರಿಗೆ ಗೊತ್ತು.

ಆ ರಾತ್ರಿ ರಾಗದ ತಿರುಳನ್ನು ನುಡಿಸಿದವರು ಜಾನಿ ಹಾಡ್ಜಸ್, ಆಲ್ಟೊ ಸ್ಯಾಕ್ಸೊಫೋನಿನಲ್ಲಿ. ಅದೇ ವಾದ್ಯದಲ್ಲಿ ನಮ್ಮ ಕದ್ರಿ ಗೋಪಾಲನಾಥರು ಗಮಕಗಳನ್ನು ಎಳೆದುದನ್ನು ಕೇಳಿದವರಿಗೆ ಹಾಡ್ಜಸ್‌ರ ಜಾರು ಅಪರಿಚಿತವೆನಿಸದು. ಒಂದು ಸ್ವರದಿಂದ ಇನ್ನೊಂದಕ್ಕೆ ಅವರು ನೆಗೆಯುವುದಿಲ್ಲ, ಇಳಿದು ಸೇರುತ್ತಾರೆ. ಮಾತಿಲ್ಲ. ಅಬ್ಬರವೂ ಇಲ್ಲ. ಆಗ ಗೀತೆಗೆ ಸಾಹಿತ್ಯವೇ ಹಾಡಲ್ಪಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು.

ವಿಮರ್ಶಕರು ಅಂದು ಈ ಕೃತಿಯನ್ನು ಕಟುವಾಗಿ ಟೀಕಿಸಿದರು. ಎಲ್ಲಿಂಗ್ಟನ್ ಅದನ್ನು ಇಡಿಯಾಗಿ ನುಡಿಸುವುದನ್ನೇ ಬಹುಬೇಗ ಕೈಬಿಟ್ಟರು. ಇತ್ತ 1942ರ ಆಗಸ್ಟಿನಿಂದ ಅಮೆರಿಕದ ವಾದ್ಯಗಾರರ ಸಂಘವು ಧ್ವನಿಮುದ್ರಣ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತ್ತಾದ್ದರಿಂದ ಸ್ಟುಡಿಯೋದಲ್ಲಿ ಮುದ್ರಿಸುವ ದಾರಿಯೂ ಮುಚ್ಚಿತ್ತು. 1944ರ ಡಿಸೆಂಬರಿನಲ್ಲಿ ವಿಕ್ಟರ್ ಕಂಪನಿಗೆ ಕೆಲವು ಭಾಗಗಳನ್ನಷ್ಟೇ ನುಡಿಸಿಕೊಟ್ಟರು. ಅದರಲ್ಲಿ ನಾದ ಸ್ಪಷ್ಟವಾಗಿದೆ. ಆದರೆ ಗ್ರಾಮಫೋನ್ ತಟ್ಟೆಯ ಒಂದೊಂದು ಮಗ್ಗುಲಿಗೂ ನಾಲ್ಕೂವರೆ ನಿಮಿಷದ ಮಿತಿ. ಗಡಿಯಾರ ನೋಡಿಕೊಂಡು ಮಾಡಿದ ಪ್ರಾರ್ಥನೆಯಂತೆ ತೋರುತ್ತದೆ. ಕಾರ್ನೆಗಿಯ ಮೂಲ ಮುದ್ರಣವು ತಟ್ಟೆಯಾಗಿ ಮಾರುಕಟ್ಟೆಗೆ ಬಂದದ್ದು 1977ರಲ್ಲಿ, ಎಲ್ಲಿಂಗ್ಟನ್ ತೀರಿಕೊಂಡ ಮೂರು ವರ್ಷಗಳ ಅನಂತರ. ಮಹೇಲಿಯಾರ ತಟ್ಟೆಗೆ ಅಷ್ಟು ಕಾಲ ಎದುರಾಳಿಯೇ ಕಡಿಮೆ ಎಂಬುದು ಅದರ ಖ್ಯಾತಿಗೆ ಒಂದು ಕಾರಣವಿರಬೇಕು.

ಒಂದು ಕಾರಣ ಮಾತ್ರ. ಮಹೇಲಿಯಾ ರಾತ್ರಿ ಕ್ಲಬ್ಬುಗಳಲ್ಲಿ ಹಾಡಲು ಒಪ್ಪದೆ, ದೇವರ ಹಾಡುಗಳಿಗೇ ಕಂಠವನ್ನು ಮುಡಿಪಿಟ್ಟ ಗಾಯಕಿ. ಅವರು ಎಲ್ಲಿಂಗ್ಟನ್ನರ ಮೇಳದ ಮುಂದೆ ನಿಂತದ್ದೇ ಒಂದು ಘಟನೆ. ಎಲ್ಲಿಂಗ್ಟನ್ ತಾವೇ ಬರೆದ ಸಾಹಿತ್ಯವನ್ನು ಆಕೆ ಅವಸರವಿಲ್ಲದೆ, ಪ್ರತಿ ಪದವನ್ನೂ ತೂಗಿ ಹಾಡುತ್ತಾರೆ. ಮುಂದೆ ದಾವಿದನ 23ನೆಯ ಕೀರ್ತನೆಯೊಂದಿಗೆ ತಟ್ಟೆ ಮುಗಿಯುತ್ತದೆ. ನನ್ನ ಪರಿಚಯದ ಗಾನವೃಂದದ ಹಿರಿಯರೊಬ್ಬರ ವಾದ ಹೀಗಿದೆ: “ವಾದ್ಯ ಭಾವವನ್ನು ಎಬ್ಬಿಸೀತು, ಬೇಡಿಕೊಳ್ಳಲು ಮಾತೇ ಬೇಕಲ್ಲವೇ? ದೇವರ ಹೆಸರೆತ್ತದ ಪ್ರಾರ್ಥನೆ ಎಂಥದು?” ಬಲವಾದ ವಾದವೇ ಸರಿ.

ಆದರೆ ಹೊರಗೆ ನಿಂತವನಿಗೆ ಕೇಳಿಸುವುದೇನು? ಹಬ್ಬದ ಬಲಿಪೂಜೆಯಲ್ಲಿ ದೇವಾಲಯ ತುಂಬಿ, ಅಂಗಳದ ಶಾಮಿಯಾನದಡಿ ನಿಂತವರನ್ನು ಕೇಳಿ ನೋಡಿ. ಗೋಡೆ ದಾಟಿ ಬರುವುದು ರಾಗ, ಮಾತು ಅರ್ಧಂಬರ್ಧ. ಪೀಣ್ಯದ ಕಾರ್ಖಾನೆಯಲ್ಲೋ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಲ್ಲೋ ಭಾನುವಾರವೂ ಪಾಳಿಗೆ ಹೋಗುವಾತನಿಗೆ, ದಾರಿಯಲ್ಲಿ ಸಾಗುತ್ತ ಕಿವಿಗೆ ಬಿದ್ದಷ್ಟೇ ಅಂದಿನ ಆರಾಧನೆ. ಎಲ್ಲಿಂಗ್ಟನ್ ಚಿತ್ರಿಸಿದ್ದು ಅಂಥವರ ಭಾನುವಾರವನ್ನು. ಹಾಡ್ಜಸ್‌ರ ಮಾತಿಲ್ಲದ ವಾದನವು ಗೋಡೆಯ ಹೊರಗಿನಿಂದ ಹೊಮ್ಮುತ್ತದೆ. ಮಹೇಲಿಯಾರ ಗಾಯನ ಪೀಠದ ಬಳಿಯಿಂದ. ಎರಡೂ ಪ್ರಾರ್ಥನೆಗಳೇ. ಆದರೆ ರಚನೆಯ ಜೀವ ಹೊಸ್ತಿಲಿನ ಈಚೆಗಿದೆ. 1958ರ ತಟ್ಟೆಯಲ್ಲೂ ದುಡಿಮೆಯ ಹಾಡು ಮೊದಲೇ ಬರುತ್ತದೆ, ವಾದ್ಯಗಳ ಭಾನುವಾರವೂ ಇದೆ. ಹಾಡ್ಜಸ್ ಮಾತ್ರ ಆ ಮುದ್ರಣಕ್ಕೆ ಇರಲಿಲ್ಲ. ಆ ಕೊರತೆಯನ್ನು ಬೇರೆ ಯಾರೂ ತುಂಬಲಾಗಿಲ್ಲ.

ಮಹೇಲಿಯಾ ಸ್ವತಃ ಇದನ್ನು ಅರಿತಿದ್ದರೇನೋ. ಹಾಡಿನ ಒಂದು ಹಂತದಲ್ಲಿ ಅವರು ಪದಗಳನ್ನು ಬಿಟ್ಟು, ತುಟಿ ಮುಚ್ಚಿ ರಾಗವನ್ನಷ್ಟೇ ಗುನುಗುತ್ತಾರೆ. ಇಡೀ ತಟ್ಟೆಯಲ್ಲಿ ನನ್ನನ್ನು ಅತಿಯಾಗಿ ತಟ್ಟುವ ಕ್ಷಣ ಅದೇ.

ಆದ್ದರಿಂದ ನನ್ನ ಮತ 1943ರ ಮುದ್ರಣಕ್ಕೆ, ಅದರ ಸವೆದ ನಾದದ ಸಮೇತ. ಸ್ಪಷ್ಟ ನಾದವೇ ಮುಖ್ಯವೆನ್ನುವವರು 1958ನ್ನು ಆರಿಸಿಕೊಂಡರೆ ತಕರಾರಿಲ್ಲ. 1999ರ ಮರುಮುದ್ರಣದಲ್ಲಿ ಮಹೇಲಿಯಾ ಯಾವ ವಾದ್ಯವೂ ಇಲ್ಲದೆ ಹಾಡಿದ ಪ್ರತಿಯೊಂದು ಸೇರಿದೆ, ಅದನ್ನು ತಪ್ಪದೆ ಕೇಳಬೇಕು.

ಗೀತೆಯ ಮುಂದಿನ ಪಯಣವನ್ನೂ ಹೇಳಬೇಕು. 1965ರ ಸೆಪ್ಟೆಂಬರ್ 16ರಂದು ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಪ್ರಧಾನಾಲಯದಲ್ಲಿ ಎಲ್ಲಿಂಗ್ಟನ್ನರ ಮೊದಲ ಪವಿತ್ರ ಸಂಗೀತ ಕಛೇರಿ ನಡೆಯಿತು. ಹೊರಗಿನವರ ರಾಗ ಕಡೆಗೂ ಒಳಗೆ ಬಂತು. ಎಸ್ತರ್ ಮ್ಯಾರೋ ಅದನ್ನು ಹಾಡಿದರು. ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿದದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಕ್ಲಬ್ಬಿನ ಸಂಗೀತಕ್ಕೆ ದೇವಾಲಯದಲ್ಲೇನು ಕೆಲಸವೆಂದು ಅಲ್ಲಿ ಗೊಣಗಿದವರಿದ್ದರು. ತಬಲ, ಡ್ರಮ್ಸ್‌ಗಳ ಬಗ್ಗೆ ನಮ್ಮ ಧರ್ಮಕೇಂದ್ರಗಳಲ್ಲಿ ಆಗಾಗ ಏಳುವ ಚರ್ಚೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಎಲ್ಲಿಂಗ್ಟನ್ ಕೊಟ್ಟ ಉತ್ತರ ಮಾತಿನದಲ್ಲ. ಅದೇ ‘ಕಮ್ ಸಂಡೇ’ ರಾಗದ ಲಯವನ್ನು ಏರಿಸಿ, ದಾವಿದರಸನು ಪ್ರಭುವಿನ ಮುಂದೆ ಕುಣಿದ ಪ್ರಸಂಗವನ್ನಾಗಿ ಮಾಡಿದರು. ಬನ್ನಿ ಬ್ರಿಗ್ಸ್ ಎಂಬ ನರ್ತಕರು ಪ್ರಧಾನಾಲಯದೊಳಗೇ ಬೂಟುಗಾಲಿನಿಂದ ತಾಳ ಹಾಕಿ ಕುಣಿದರು.