ಶೇಕಡ 90ರ ಒಳಗೆ ಏನಿದೆ?

ಮಗಳ ಓದಿಗೆಂದು ತಿಂಗಳಿಗೆ ಇಷ್ಟು ಯೂರೋ ಕೂಡಿಡೋಣ ಎಂದು ಹೊರಟಾಗ, ಇಲ್ಲಿಯ ಬ್ಯಾಂಕೊಂದರ ಸಲಹೆಗಾರರು ಹಸಿರು ಎಲೆಯ ಚಿತ್ರವಿದ್ದ ಕೈಪಿಡಿಯೊಂದನ್ನು ನನ್ನ ಮುಂದಿಟ್ಟರು. ಪರಿಸರ, ಸಮಾಜ, ಆಡಳಿತ ಈ ಮೂರರಲ್ಲೂ ಒಳ್ಳೆಯ ಅಂಕ ಪಡೆದ ಕಂಪನಿಗಳ ಷೇರುಗಳನ್ನಷ್ಟೇ ಕೊಳ್ಳುವ ಫಂಡ್ ಅದು. ಈ ಅಂಕಗಳಿಗೆ ಚಿಕ್ಕದಾಗಿ ಇಎಸ್‌ಜಿ ಎನ್ನುತ್ತಾರೆ. ಎರಡನೆಯ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ, ಇಂಥ ಕಂಪನಿಗಳು ಹೆಚ್ಚು ಲಾಭ ತರುತ್ತವೆಂದು ಶೇಕಡ 90ರಷ್ಟು ಅಧ್ಯಯನಗಳು ಹೇಳುತ್ತವೆ ಎಂದು ಬರೆದಿತ್ತು. ಸಹಿ ಹಾಕಿದೆ. ಮೂಲ ಅಧ್ಯಯನವನ್ನು ಓದಿದ್ದು ಆಮೇಲೆ. ಲೆಕ್ಕಪತ್ರ ನೋಡುವುದೇ ಕೆಲಸವಾಗಿರುವ ನಾನು ಹೀಗೆ ಮಾಡಿದೆ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಆ ಅಂಕಿ ಬಂದದ್ದು ಗುನ್ನಾರ್ ಫ್ರೀಡೆ, ಟಿಮೋ ಬುಷ್, ಅಲೆಕ್ಸಾಂಡರ್ ಬಾಸ್ಸೆನ್ ಎಂಬ ಮೂವರು 2015ರ ಕೊನೆಯಲ್ಲಿ ಪ್ರಕಟಿಸಿದ ಪ್ರಬಂಧದಿಂದ. 1970ರ ದಶಕದಿಂದ ಈಚಿನ ಸುಮಾರು 2,200 ಅಧ್ಯಯನಗಳ ಫಲಿತಾಂಶಗಳನ್ನು ಅವರು ಒಟ್ಟುಗೂಡಿಸಿದರು. ಶ್ರಮದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಬರೆದದ್ದು, ಸುಮಾರು ಶೇಕಡ 90 ಅಧ್ಯಯನಗಳಲ್ಲಿ ಸಂಬಂಧ 'ಋಣಾತ್ಮಕವಲ್ಲ' ಎಂದು. ಔಷಧಿ ಕುಡಿದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಕೆಡುಕಾಗಲಿಲ್ಲ ಎಂದರೆ ಒಂಬತ್ತು ಜನರೂ ಗುಣವಾದರು ಎಂದಲ್ಲವಲ್ಲ. ಫಲಿತಾಂಶಗಳನ್ನು ನೇರವಾಗಿ ಎಣಿಸಿದ ಗುಂಪಿನಲ್ಲಿ ಒಳ್ಳೆಯ ಸಂಬಂಧ ಕಂಡವು ಸುಮಾರು ಶೇಕಡ 48, ಕೆಟ್ಟ ಸಂಬಂಧ ಕಂಡವು ಸುಮಾರು 7. ಉಳಿದವು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ನನಗೆ ಹೆಚ್ಚು ತಟ್ಟಿದ್ದು ಇನ್ನೊಂದು ಸಂಗತಿ. ಬಿಡಿ ಕಂಪನಿಗಳನ್ನಲ್ಲದೆ, ಹಲವು ಷೇರುಗಳನ್ನು ಕಟ್ಟು ಮಾಡಿ ಕೊಳ್ಳುವ ಹೂಡಿಕೆಗಳನ್ನು, ಅಂದರೆ ನಾನು ಕೊಂಡಂಥ ಫಂಡ್‌ಗಳನ್ನು, ನೋಡಿದ ಅಧ್ಯಯನಗಳನ್ನು ಅದೇ ಪ್ರಬಂಧ ಬೇರೆಯಾಗಿ ಎಣಿಸುತ್ತದೆ. ಅಲ್ಲಿ ಒಳ್ಳೆಯ ಫಲಿತಾಂಶದ ಪಾಲು ಸುಮಾರು ಶೇಕಡ 15ಕ್ಕೆ ಇಳಿಯುತ್ತದೆ. ಫಂಡ್‌ನ ಶುಲ್ಕವೂ ಇದಕ್ಕೆ ಒಂದು ಕಾರಣವಿರಬಹುದು ಎಂದು ಲೇಖಕರೇ ಸೂಚಿಸುತ್ತಾರೆ. ಅವರು ಏನನ್ನೂ ಮುಚ್ಚಿಟ್ಟಿಲ್ಲ. ಫಂಡ್ ಮಾರುವವರು ಮಾತ್ರ ಫಂಡ್‌ಗೆ ಸಂಬಂಧಿಸಿದ ಅಂಕಿಯನ್ನು ಬಿಟ್ಟು ಬೇರೆಯದನ್ನು ಅಚ್ಚು ಹಾಕಿಸಿದ್ದರು.

ಎಣಿಕೆಯ ಮಾತು ಹಾಗಿರಲಿ, ಎಣಿಸುತ್ತಿರುವ ವಸ್ತುವಾದರೂ ಗಟ್ಟಿಯೇ? ಆ ಪ್ರಬಂಧ ಬಂದ ವರ್ಷದಲ್ಲೇ ನಡೆದ ವೋಕ್ಸ್‌ವಾಗನ್ ಪ್ರಕರಣ ಇದಕ್ಕೆ ಉತ್ತರ ಹೇಳುತ್ತದೆ. ನಮ್ಮ ಕೂಟದಲ್ಲಿ ಕಾರು ಉದ್ಯಮದವರು ಬಹಳ ಮಂದಿ ಇರುವುದರಿಂದ ಕಥೆಯನ್ನು ಉದ್ದ ಮಾಡುವುದಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕ ಈ ಕಂಪನಿಯನ್ನು ಕಾರು ತಯಾರಕರಲ್ಲಿ ಮೊದಲ ಸ್ಥಾನಕ್ಕೇರಿಸಿತು. ಅದೇ ತಿಂಗಳ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೋಟಿಸ್ ಹೊರಡಿಸಿತು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುವ ಸಾಫ್ಟ್‌ವೇರ್ ಡೀಸೆಲ್ ಕಾರುಗಳಲ್ಲಿತ್ತು. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡ್ ಮಿತಿಯ 40 ಪಟ್ಟಿನವರೆಗೂ ಏರುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಸೋಮವಾರ ಒಂದೇ ದಿನ ಷೇರು ಬೆಲೆಯ ಸುಮಾರು ಐದನೇ ಒಂದು ಭಾಗ ಕರಗಿತು. ಅಕ್ಟೋಬರ್‌ನಲ್ಲಿ ಸೂಚ್ಯಂಕದಿಂದ ಹೆಸರು ತೆಗೆದರು.

ಹಾಗಾದರೆ ಆ ಮೊದಲ ಸ್ಥಾನ ಅಳೆದದ್ದು ಏನನ್ನು? ಹೆಚ್ಚಾಗಿ ಕಂಪನಿ ತನ್ನ ಬಗ್ಗೆ ತಾನೇ ತುಂಬಿಕೊಟ್ಟ ಉತ್ತರಗಳನ್ನು ಮತ್ತು ವರದಿಗಳನ್ನು. ಆಡಳಿತದ ಕೊರತೆ ಗುಟ್ಟೇನೂ ಆಗಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಪೋರ್ಷೆ ಮತ್ತು ಪೀಎಖ್ ಮನೆತನಗಳ ಕೈಯಲ್ಲಿ, ಶೇಕಡ 20 ಲೋವರ್ ಸ್ಯಾಕ್ಸನಿ ರಾಜ್ಯದ ಕೈಯಲ್ಲಿ, ಮೇಲ್ವಿಚಾರಣಾ ಮಂಡಳಿಯ ಅರ್ಧ ಸ್ಥಾನಗಳು ನೌಕರರ ಪ್ರತಿನಿಧಿಗಳಿಗೆ. ಹೊರಗಿನಿಂದ ಬಂದು ಕಟುವಾಗಿ ಪ್ರಶ್ನಿಸುವವರಿಗೆ ಅಲ್ಲಿ ಜಾಗ ಕಡಿಮೆ. ಪತ್ರಿಕೆ ಓದುವ ಯಾರಿಗೂ ಗೊತ್ತಿದ್ದ ವಿಷಯ ಇದು.

ಇಲ್ಲಿಗೇ ನಿಲ್ಲಿಸಿದರೆ ನನ್ನ ವಾದಕ್ಕೆ ಅನುಕೂಲ, ಆದರೆ ಸತ್ಯಕ್ಕೆ ಅಲ್ಲ. ಹಗರಣದ ಮರುವರ್ಷ, 2016ರಲ್ಲಿ, ಇದೇ ಕಂಪನಿ ಒಂದು ಕೋಟಿಗೂ ಹೆಚ್ಚು ವಾಹನ ಮಾರಿ ಟೊಯೋಟಾವನ್ನು ಹಿಂದಿಕ್ಕಿತು. ಇನ್ನೊಂದೆಡೆ ದಂಡ, ಪರಿಹಾರ, ದುರಸ್ತಿಯ ಒಟ್ಟು ಖರ್ಚು ವರ್ಷಗಳು ಕಳೆದಂತೆ 3,000 ಕೋಟಿ ಯೂರೋ ದಾಟಿತು. ಮಾರಾಟವನ್ನು ನೋಡಿದರೆ ಮೋಸದಿಂದ ನಷ್ಟವೇ ಇಲ್ಲ, ಖಜಾನೆಯನ್ನು ನೋಡಿದರೆ ಭಾರೀ ನಷ್ಟ. ಕಂಪನಿಯ 'ಸಾಧನೆ' ಎಂಬ ಒಂದೇ ಪದದಡಿ ಎರಡನ್ನೂ ಹಾಕಿ ಸರಾಸರಿ ತೆಗೆದರೆ ಸಿಗುವ ಉತ್ತರ ಯಾವ ಪ್ರಶ್ನೆಗೆ?

ಅಂಕ ಕೊಡುವವರಲ್ಲೂ ಒಮ್ಮತವಿಲ್ಲ. ಬರ್ಗ್, ಕೋಲ್‌ಬೆಲ್, ರಿಗೊಬಾನ್ ಅವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ರೇಟಿಂಗ್ ಸಂಸ್ಥೆಗಳನ್ನು ಎರಡೆರಡಾಗಿ ಹೋಲಿಸಿದಾಗ ಸಹಸಂಬಂಧ 0.38ರಿಂದ 0.71ರವರೆಗೆ ಮಾತ್ರ ಇತ್ತು. ಭಿನ್ನತೆಯ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಕಾರಣ, ಒಂದೇ ವಿಷಯವನ್ನು ಒಬ್ಬೊಬ್ಬರು ಒಂದೊಂದು ರೀತಿ ಅಳೆಯುವುದು. ಭಾರತದಲ್ಲೂ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ 2022–23ರಿಂದ ಇಂಥ ವರದಿಯನ್ನು ಸೆಬಿ ಕಡ್ಡಾಯ ಮಾಡಿದೆ. ಊರಿನಲ್ಲಿ ಹಣ ಹೂಡುವ ನಮ್ಮವರೂ ಇದನ್ನು ಗಮನಿಸಬೇಕು.

ಇಷ್ಟಾದರೂ ಇಡೀ ವಿಚಾರವೇ ಬೂಟಾಟಿಕೆ ಎನ್ನುವವರ ಪಕ್ಷಕ್ಕೆ ನಾನು ಸೇರಲಾರೆ. ಖಾನ್, ಸೆರಾಫೈಮ್, ಯೂನ್ ಎಂಬ ಸಂಶೋಧಕರು 2016ರಲ್ಲಿ ಬೇರೊಂದು ದಾರಿ ಹಿಡಿದರು. ತನ್ನ ಉದ್ಯಮಕ್ಕೆ ನಿಜವಾಗಿ ತಟ್ಟುವ ವಿಷಯಗಳಲ್ಲಿ ಚೆನ್ನಾಗಿ ನಡೆದುಕೊಂಡ ಕಂಪನಿಗಳ ಷೇರುಗಳು ಮುಂದೆ ಬಂದವು, ಸಂಬಂಧವಿಲ್ಲದ ವಿಷಯಗಳಲ್ಲಿ ಅಂಕ ಗಳಿಸಿದವು ಬರಲಿಲ್ಲ ಎಂದು ಅವರು ತೋರಿಸಿದರು. ಅವರ ಲೆಕ್ಕವನ್ನೂ ಆಮೇಲಿನವರು ಪ್ರಶ್ನಿಸಿದ್ದಾರೆ. ಆದರೂ ಕೇಳಿದ ಪ್ರಶ್ನೆ ಸರಿಯಾದದ್ದು ಎಂದು ನನ್ನ ಎಣಿಕೆ. ಕಾರು ಕಂಪನಿಗೆ ಹೊಗೆ, ಬ್ಯಾಂಕಿಗೆ ಲೆಕ್ಕದ ನಿಯತ್ತು, ಬಟ್ಟೆ ಕಂಪನಿಗೆ ಹೊಲಿಯುವವರ ಕೂಲಿ: ಇವನ್ನು ಬಿಟ್ಟು ಕಚೇರಿಯ ಛಾವಣಿಯ ಮೇಲೆ ಎಷ್ಟು ಸೌರಫಲಕಗಳಿವೆ ಎಂದು ಎಣಿಸುವುದರಿಂದ ನನಗೇನು ಸಿಕ್ಕೀತು?

ಫಂಡನ್ನು ಇನ್ನೂ ಮಾರಿಲ್ಲ. ಸಲಹೆಗಾರರನ್ನು ಮುಂದಿನ ತಿಂಗಳು ಮತ್ತೆ ಭೇಟಿಯಾಗಲಿದ್ದೇನೆ. ಕೈಪಿಡಿಯ ಎರಡನೆಯ ಪುಟವನ್ನೂ ಆ ಶೇಕಡ 15ರ ಪಟ್ಟಿಯಿರುವ ಹಾಳೆಯನ್ನೂ ಒಟ್ಟಿಗೆ ಪಿನ್ ಮಾಡಿ ಇಟ್ಟುಕೊಂಡಿದ್ದೇನೆ.